ನೀರು ಹೊತ್ತು ತಿರುಗುವ ಸೇತುವೆ

ನಮ್ಮ ತಾತ ನೀರುಗಂಟಿಯಾಗಿದ್ದವರು. ಮಂಡ್ಯದ ಕಡೆಯವರಿಗೆ ಈ ಪದ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳಿಬಿಡುತ್ತೇನೆ: ನಾಲೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಯಾವತ್ತು ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವವನು ನೀರುಗಂಟಿ. ಕೇಳೋದಕ್ಕೆ ಸಣ್ಣ ಕೆಲಸ. ಆದರೆ ಬೇಸಿಗೆ ಬೆಳೆಯ ಕಾಲದಲ್ಲಿ ಊರಿನಲ್ಲಿ ಅಷ್ಟು ಬೈಗುಳ ತಿನ್ನುವ ಮನುಷ್ಯ ಇನ್ನೊಬ್ಬನಿಲ್ಲ. ಒಂದು ರಾತ್ರಿ ಸರದಿ ಮುಗಿಯಿತು ಅಂತ ತೂಬು ಇಳಿಸಲು ಹೋದಾಗ ಯಾರೋ ಹಿಂದಿನಿಂದ ಬಂದು ಗುದ್ದಲಿ ಕಾವಿನಲ್ಲಿ ಹೊಡೆದಿದ್ದರು. ತಾತನ ಎಡಗೈ ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಹೊಡೆದವನು ಯಾರು ಅಂತ ಅವರಿಗೆ ಗೊತ್ತು, ಹೇಳುವುದಿಲ್ಲ ಅಷ್ಟೇ.

ಆನ್‌ಸೈಟ್ ಅಂತ ನಾನು ಮ್ಯಾಂಚೆಸ್ಟರಿಗೆ ಬಂದಾಗ ತಾತ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಸಂಬಳದ್ದೂ ಅಲ್ಲ, ಚಳಿಯದ್ದೂ ಅಲ್ಲ. "ಅಲ್ಲೂ ನಾಲೆ ಅವ್ಯೇನ್ಲಾ ಮಗ?"

ಅವೆ ತಾತ. ಬೇಕಾದಷ್ಟು. ಊರ ತುಂಬಾ ನಾಲೆಗಳೇ. ಆದರೆ ಇವು ಗದ್ದೆಗೆ ನೀರು ಕೊಡೋವಲ್ಲ, ದೋಣಿ ಓಡಿಸೋವು. ಅದರಲ್ಲೂ ಒಂದು ಕಡೆ ಒಂದು ನಾಲೆಯ ಮೇಲೆ ಇನ್ನೊಂದು ನಾಲೆ ಹಾಯುತ್ತದೆ. ಕೆಳಗಿನ ನಾಲೆಯಲ್ಲಿ ಹಡಗು ಬಂದರೆ ಮೇಲಿನ ನಾಲೆ ತನ್ನ ನೀರಿನ ಸಮೇತ ಪಕ್ಕಕ್ಕೆ ತಿರುಗಿ ದಾರಿ ಬಿಡುತ್ತದೆ!

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಸೋರಲ್ವಾ?"

ಇಂಜಿನಿಯರಿಂಗ್ ಓದಿದ ನನಗೆ ಮೊದಲು ಹೊಳೆದದ್ದು ಎಷ್ಟು ಭಾರ, ಯಾವ ಮೋಟರು ಅಂತ. ನಾಲ್ಕನೇ ಕ್ಲಾಸು ಓದಿದ ತಾತನಿಗೆ ಹೊಳೆದದ್ದು ಸೋರುವುದು. ಸರಿಯಾದ ಪ್ರಶ್ನೆ ಅವರದ್ದೇ ಅಂತ ಆಮೇಲೆ ಗೊತ್ತಾಯಿತು.

ಇದರ ಹೆಸರು ಬಾರ್ಟನ್ ಸ್ವಿಂಗ್ ಅಕ್ವಡಕ್ಟ್. ಅಕ್ವಡಕ್ಟಿಗೆ ನಮ್ಮಲ್ಲಿ ಮೇಲ್ಗಾಲುವೆ ಅನ್ನುತ್ತಾರೆ. ತಿರುಗುವ ಮೇಲ್ಗಾಲುವೆ ಅನ್ನಬಹುದೇನೋ. ಮ್ಯಾಂಚೆಸ್ಟರಿನ ಪಶ್ಚಿಮಕ್ಕೆ, ಟ್ರಾಫರ್ಡ್ ಸೆಂಟರ್ ಅನ್ನುವ ದೊಡ್ಡ ಮಾಲಿನಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ನನ್ನ ಆಫೀಸಿನವರೆಲ್ಲ ವಾರಕ್ಕೊಮ್ಮೆ ಆ ಮಾಲಿಗೆ ಹೋಗುತ್ತಾರೆ. ಪಕ್ಕದಲ್ಲಿರುವ ಇದನ್ನು ನೋಡಿದವರು ಒಬ್ಬರೂ ಸಿಗಲಿಲ್ಲ. ಪ್ರಪಂಚದಲ್ಲಿ ಇಂಥದ್ದು ಇದೊಂದೇ. ಇದಕ್ಕೆ ಮುಂಚೆಯೂ ಕಟ್ಟಿರಲಿಲ್ಲ, ಇದಾದ ಮೇಲೂ ಯಾರೂ ಕಟ್ಟಲಿಲ್ಲ.

ಕಥೆ ಶುರುವಾಗುವುದು ಒಬ್ಬ ಡ್ಯೂಕನಿಂದ. ಫ್ರಾನ್ಸಿಸ್ ಎಗರ್ಟನ್, ಬ್ರಿಡ್ಜ್‌ವಾಟರಿನ ಮೂರನೇ ಡ್ಯೂಕ್. ಎಲಿಜಬೆತ್ ಗನ್ನಿಂಗ್ ಎಂಬ ಸುಂದರಿಯ ಜೊತೆ ಗೊತ್ತಾಗಿದ್ದ ಮದುವೆ 1758ರಲ್ಲಿ ಮುರಿದುಬಿತ್ತು. ಆತ ಲಂಡನ್ನಿನ ಸಹವಾಸ ಬಿಟ್ಟು ವರ್ಸ್ಲಿ ಎಂಬಲ್ಲಿದ್ದ ತನ್ನ ಕಲ್ಲಿದ್ದಲು ಗಣಿಗಳ ಕಡೆ ಬಂದುಬಿಟ್ಟ. ಕೊನೆಯವರೆಗೂ ಮದುವೆಯಾಗಲಿಲ್ಲ. ಮನಸ್ಸು ಮುರಿದವರು ಕವಿತೆ ಬರೆಯುತ್ತಾರೆ, ಈ ಪುಣ್ಯಾತ್ಮ ನಾಲೆ ತೋಡಿಸಿದ :)

ತೋಡಿಸಲು ಕಾರಣವಿತ್ತು. ಗಣಿಯಿಂದ ಮ್ಯಾಂಚೆಸ್ಟರ್ ಕೆಲವೇ ಮೈಲಿ. ಆದರೆ ಕುದುರೆ ಬೆನ್ನ ಮೇಲೆ, ಹಾಳು ರಸ್ತೆಯಲ್ಲಿ ಕಲ್ಲಿದ್ದಲು ಹೊತ್ತು ತರುವ ಹೊತ್ತಿಗೆ ಬೆಲೆ ದುಪ್ಪಟ್ಟಾಗುತ್ತಿತ್ತು. ನಡುವೆ ಇರ್ವೆಲ್ ನದಿ ಬೇರೆ. ಡ್ಯೂಕನ ಎಸ್ಟೇಟ್ ನೋಡಿಕೊಳ್ಳುತ್ತಿದ್ದ ಜಾನ್ ಗಿಲ್ಬರ್ಟ್, ಮತ್ತು ಗಿರಣಿ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ಜೇಮ್ಸ್ ಬ್ರಿಂಡ್ಲಿ, ಇವರಿಬ್ಬರೂ ಸೇರಿ ಹಾಕಿದ ಯೋಜನೆ ಏನೆಂದರೆ ನಾಲೆಯನ್ನು ನದಿಗೆ ಇಳಿಸುವುದೇ ಬೇಡ. ಒಂದೇ ಮಟ್ಟದಲ್ಲಿ ತಂದು, ಬಾರ್ಟನ್ ಬಳಿ ನದಿಯ ಮೇಲೆ ಸುಮಾರು 39 ಅಡಿ ಎತ್ತರದಲ್ಲಿ ಕಲ್ಲಿನ ಕಮಾನುಗಳ ಮೇಲೆ ದಾಟಿಸುವುದು. ಸಲಹೆ ಕೇಳಲು ಕರೆಸಿದ ಒಬ್ಬ ಇಂಜಿನಿಯರ್ ಇದು ಆಕಾಶಕ್ಕೆ ಏಣಿ ಹಾಕುವ ಮಾತು ಅನ್ನುವ ಧಾಟಿಯಲ್ಲಿ ನಕ್ಕು ಹೋದನಂತೆ.

ಬ್ರಿಂಡ್ಲಿಗೆ ಸರಿಯಾಗಿ ಓದು ಬರಹ ಬರುತ್ತಿರಲಿಲ್ಲ. ಲೆಕ್ಕವೆಲ್ಲ ತಲೆಯಲ್ಲೇ. ಕಷ್ಟದ ಸಮಸ್ಯೆ ಬಂದರೆ ಹೋಗಿ ಹಾಸಿಗೆ ಹಿಡಿದು ಮಲಗಿಬಿಡುತ್ತಿದ್ದ, ಪರಿಹಾರ ಹೊಳೆದ ಮೇಲೇ ಎದ್ದು ಬರುತ್ತಿದ್ದ. (ನಮ್ಮ ಮ್ಯಾನೇಜರಿಗೆ ಇದನ್ನು ಹೇಳಿ ನೋಡಬೇಕು.) ಪಾರ್ಲಿಮೆಂಟಿನ ಸಮಿತಿಯ ಮುಂದೆ ಸೇತುವೆಯ ಮಾದರಿ ತೋರಿಸಲು ಚೀಸ್ ತರಿಸಿ ಅದನ್ನೇ ಕೆತ್ತಿದ ಅಂತ ಕಥೆಯಿದೆ. ಅದಕ್ಕಿಂತ ನನಗೆ ಇಷ್ಟವಾದದ್ದು ಜೇಡಿಮಣ್ಣಿನ ಕಥೆ. ಕಲ್ಲಿನ ಮೇಲೆ ನೀರು ಹರಿಸಿದರೆ ಸೋರುವುದಿಲ್ಲವೇ ಅನ್ನುವ ಪ್ರಶ್ನೆ ಆಗಲೂ ಎದ್ದಿತ್ತು. ಬ್ರಿಂಡ್ಲಿಯ ಉತ್ತರ ಜೇಡಿಮಣ್ಣು, ಮರಳು, ನೀರು ಸೇರಿಸಿ ಚೆನ್ನಾಗಿ ನಾದಿ ಮೆತ್ತುವುದು. ಸಮಿತಿಯ ಮುಂದೆಯೇ ಮಣ್ಣು ಕಲಸಿ ತೊಟ್ಟಿಯಂತೆ ಮಾಡಿ ನೀರು ತುಂಬಿಸಿ ತೋರಿಸಿದನಂತೆ. ತಾತನಿಗೆ ಇದನ್ನು ಹೇಳಿದಾಗ, "ಇದ್ನೇನು ಅವ್ನು ಹೇಳ್ಕೊಡೋದು, ಕೆರೆ ಏರಿಗೆ ನಮ್ಮೋರೂ ಜೇಡಿಮಣ್ಣೇ ಹಾಕಿ ತುಳೀತಿದ್ದದ್ದು" ಅಂದರು. ಮರುಮಾತಿಲ್ಲ.

ಆದರೂ ಮೊದಲ ಸಲ ನೀರು ತುಂಬಿಸುವಾಗ ಒಂದು ಕಮಾನು ಬಾಗತೊಡಗಿತು. ಬ್ರಿಂಡ್ಲಿ ಏನು ಮಾಡಿದ? ಹೋಗಿ ಮಲಗಿದ! ಈ ಸಲ ಯೋಚನೆ ಮಾಡಲು ಅಲ್ಲ, ಎದೆ ಒಡೆದು. ಗಿಲ್ಬರ್ಟ್ ಎಂಬಾತ ಕಮಾನಿನ ಮೇಲೆ ಹೇರಿದ್ದ ಹೆಚ್ಚಿನ ಜೇಡಿಮಣ್ಣನ್ನು ತೆಗೆಸಿ ಭಾರ ಇಳಿಸಿ ಅದನ್ನು ಉಳಿಸಿದ. ಹೆಸರು ಮಾತ್ರ ಬ್ರಿಂಡ್ಲಿಗೆ ಬಂತು. ಪ್ರಾಜೆಕ್ಟುಗಳಲ್ಲಿ ಆಗಿನಿಂದಲೂ ಇದೇ ಪದ್ಧತಿ ಅಂತ ಕಾಣುತ್ತೆ.

1761ರ ಜುಲೈ 17ರಂದು ಮೊದಲ ದೋಣಿ ನದಿಯ ಮೇಲೆ ದಾಟಿತು. ಮ್ಯಾಂಚೆಸ್ಟರಿನಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕೆ ಇಳಿಯಿತು. ಕೆಳಗೆ ನದಿಯಲ್ಲಿ ದೋಣಿ, ಮೇಲೆ ನಾಲೆಯಲ್ಲಿ ದೋಣಿ, ಇದನ್ನು ನೋಡಲಿಕ್ಕೆಂದೇ ದೂರದೂರದಿಂದ ಜನ ಬರುತ್ತಿದ್ದರು. ನೂರಮೂವತ್ತು ವರ್ಷ ಆ ಕಲ್ಲಿನ ಕಮಾನುಗಳು ತಕರಾರಿಲ್ಲದೆ ನಿಂತಿದ್ದವು.

ಮತ್ತೆ ಯಾಕೆ ಒಡೆದರು? ಇಲ್ಲಿ ಸ್ವಲ್ಪ ನಮ್ಮ ಕಡೆ ಬಂದು ಹೋಗಬೇಕು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು ಅಂತ ಶಾಲೆಯಲ್ಲಿ ಓದಿದ್ದು ನೆನಪಿದೆಯಲ್ಲ? ಹತ್ತಿ ಗಿರಣಿಗಳಿಂದ ಬಂದ ಹೆಸರು. ಅಸಲಿ ಮ್ಯಾಂಚೆಸ್ಟರಿಗೆ ಹತ್ತಿ ಎಲ್ಲಿಂದ ಬರಬೇಕು? ಇಲ್ಲಿ ಒಂದು ಹತ್ತಿ ಗಿಡವೂ ಬೆಳೆಯುವುದಿಲ್ಲ. ಬಹುಪಾಲು ಅಮೆರಿಕದಿಂದ ಬರುತ್ತಿತ್ತು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ ಹತ್ತಿ ನಿಂತಾಗ ಗಿರಣಿಗಳು ಮುಚ್ಚಿ ಜನ ಉಪವಾಸ ಬಿದ್ದರು. ಆಗ ಇವರ ಕಣ್ಣು ಬಿದ್ದದ್ದು ಧಾರವಾಡದ ಹತ್ತಿಯ ಮೇಲೆ. ಧಾರವಾಡದ ಹತ್ತಿ ಘಟ್ಟ ಇಳಿದು ಕುಮಟೆಯಿಂದ ಮುಂಬಯಿಗೆ, ಅಲ್ಲಿಂದ ಇಂಗ್ಲೆಂಡಿಗೆ ಹೋಗುತ್ತಿತ್ತು. ಅದು ಸಾಲದು, ಕಾರವಾರದಲ್ಲಿ ನೇರವಾಗಿ ಒಳ್ಳೆಯ ಬಂದರು ಬೇಕು, ಘಟ್ಟದಲ್ಲಿ ಗಾಡಿ ರಸ್ತೆ ಬೇಕು ಅಂತ ಮ್ಯಾಂಚೆಸ್ಟರಿನ ಹತ್ತಿ ವ್ಯಾಪಾರಿಗಳು ಸರ್ಕಾರಕ್ಕೆ ಗಂಟುಬಿದ್ದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಒತ್ತಾಯವಿತ್ತು. ಅಂದರೆ ನಮ್ಮ ಒಂದು ಇಡೀ ಜಿಲ್ಲೆ ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ಹೋದದ್ದರಲ್ಲಿ, ನಾನು ಈಗ ಬಸ್ಸಿಗೆ ಕಾಯುವ ಈ ಊರಿನವರ ಕೈವಾಡವೂ ಇದೆ! 1865ರಲ್ಲಿ ಯುದ್ಧ ಮುಗಿದು ಅಮೆರಿಕದ ಹತ್ತಿ ಮತ್ತೆ ಬರತೊಡಗಿತು, ಬೆಲೆ ಬಿತ್ತು, ಇವರ ಕಾರವಾರದ ಪ್ರೀತಿಯೂ ಆರಿತು. ಕಾರವಾರಕ್ಕೆ ರೈಲು ಬಂದದ್ದು ಕೊಂಕಣ ರೈಲ್ವೆಯ ಕಾಲಕ್ಕೆ, 1990ರ ದಶಕದಲ್ಲಿ.

ಕಾರವಾರವನ್ನು ಕೈಬಿಟ್ಟ ಮ್ಯಾಂಚೆಸ್ಟರಿಗೆ ತನ್ನದೇ ಬಂದರಿನ ಚಿಂತೆ ಬೇರೆ ಇತ್ತು. ಸಮುದ್ರಕ್ಕೆ ಹೋಗಬೇಕಾದರೆ ಲಿವರ್‌ಪೂಲೇ ಗತಿ. ಅಲ್ಲಿನ ಬಂದರಿನವರು, ನಡುವಿನ ರೈಲ್ವೆಯವರು ಇಬ್ಬರೂ ಸುಲಿಗೆ ಮಾಡುತ್ತಾರೆ ಅನ್ನುವುದು ಇವರ ದೂರು. 1882ರ ಜೂನಿನಲ್ಲಿ ಡೇನಿಯಲ್ ಆಡಮ್ಸನ್ ಎಂಬ ಉದ್ಯಮಿ ತನ್ನ ಮನೆಯಲ್ಲಿ ಸಭೆ ಕರೆದ. ಸಮುದ್ರ ನಮ್ಮೂರಿಗೆ ಬರುವುದಿಲ್ಲವಾದರೆ ನಾವೇ ತರೋಣ, ಹಡಗು ಬರುವಷ್ಟು ದೊಡ್ಡ ನಾಲೆ ತೋಡೋಣ ಅಂತ ತೀರ್ಮಾನವಾಯಿತು. ಲಿವರ್‌ಪೂಲಿನವರು ಬಿಡುತ್ತಾರೆಯೇ? ಪಾರ್ಲಿಮೆಂಟಿನಲ್ಲಿ ಎರಡು ಸಲ ಮಸೂದೆ ಬಿತ್ತು. 1885ರಲ್ಲಿ ಮೂರನೇ ಸಲಕ್ಕೆ ಪಾಸಾಯಿತು. ಮೇಲಿನವರು ಕೆಳಗಿನವರ ನೀರಿನ ಜಗಳವನ್ನು ನಾವೇ ಕಂಡುಹಿಡಿದದ್ದು ಅಂದುಕೊಂಡಿದ್ದೆ.. ಇಲ್ಲೂ ಏನೂ ಕಡಿಮೆಯಿಲ್ಲ.

1887ರ ನವೆಂಬರಿನಲ್ಲಿ ಅಗೆತ ಶುರು. 36 ಮೈಲಿ ಉದ್ದ. 5 ಕೋಟಿ ಘನ ಗಜಕ್ಕೂ ಹೆಚ್ಚು ಮಣ್ಣು, ಕಲ್ಲು. ಕೆಲಸ ಬಿರುಸಾಗಿದ್ದಾಗ ಸುಮಾರು 17,000 ಜನ. ಗುತ್ತಿಗೆದಾರ ಥಾಮಸ್ ವಾಕರ್ 1889ರಲ್ಲಿ ತೀರಿಕೊಂಡ, ದುಡ್ಡು ಮುಗಿಯಿತು, ಕಡೆಗೆ ಮ್ಯಾಂಚೆಸ್ಟರ್ ನಗರಸಭೆ 50 ಲಕ್ಷ ಪೌಂಡ್ ಸಾಲ ಕೊಟ್ಟು ಕಂಪನಿಯನ್ನು ಉಳಿಸಬೇಕಾಯಿತು. ಒಟ್ಟು ಖರ್ಚು ಸುಮಾರು ಒಂದೂವರೆ ಕೋಟಿ ಪೌಂಡ್.

ಈ ದೊಡ್ಡ ನಾಲೆ ಹೋಗುವುದು ಇರ್ವೆಲ್ ನದಿಯ ಜಾಡಿನಲ್ಲೇ. ಬಾರ್ಟನ್ ಬಳಿ ಬಂದಾಗ ಬ್ರಿಂಡ್ಲಿಯ ಕಮಾನು ಅಡ್ಡ! ಅದರ ಕೆಳಗೆ ಹಾಯಿ ಮಡಿಸಿದ ಸಣ್ಣ ದೋಣಿ ಹೋಗಬಹುದು, ಪಟಸ್ತಂಭ ಎತ್ತಿಕೊಂಡ ಸಮುದ್ರದ ಹಡಗು ಹೋಗಲಾರದು. ಈ ನಾಲೆಯ ಮೇಲಿನ ಸ್ಥಿರ ಸೇತುವೆಗಳಿಗೆಲ್ಲ 75 ಅಡಿ ಎತ್ತರ ಬಿಡಬೇಕಾಗಿತ್ತು. ರಸ್ತೆಯನ್ನಾದರೆ ಏರಿಸಬಹುದು. ನೀರನ್ನು ಏರಿಸುವುದು ಹೇಗೆ? ಬ್ರಿಡ್ಜ್‌ವಾಟರ್ ನಾಲೆಯ ಹೆಗ್ಗಳಿಕೆಯೇ ಮಟ್ಟಸವಾಗಿ ಹರಿಯುವುದು. ಇಲ್ಲಿ ಲಾಕ್‌ಗಳನ್ನು ಕಟ್ಟಿ ದೋಣಿ ಇಳಿಸಿ, ಹಡಗಿನ ನಾಲೆ ದಾಟಿಸಿ, ಆಚೆ ಮತ್ತೆ ಏರಿಸಿದರೆ ಪ್ರತಿ ಸಲ ನೀರೂ ಹೋಗುತ್ತದೆ, ಹೊತ್ತೂ ಹೋಗುತ್ತದೆ. ಹಡಗಿನ ಕಂಪನಿ ಬ್ರಿಡ್ಜ್‌ವಾಟರ್ ನಾಲೆಯನ್ನೇ 17,10,000 ಪೌಂಡ್ ಕೊಟ್ಟು ಕೊಂಡುಬಿಟ್ಟಿತ್ತು. ಹಾಗಂತ ಅದನ್ನು ಮುಚ್ಚುವ ಹಾಗಿರಲಿಲ್ಲ, ಅದರ ದೋಣಿಗಳಿಂದಲೇ ಆದಾಯ. ಎರಡೂ ನಡೆಯಲೇಬೇಕು.

ಮುಖ್ಯ ಇಂಜಿನಿಯರ್ ಎಡ್ವರ್ಡ್ ಲೀಡರ್ ವಿಲಿಯಮ್ಸ್. (ಇವನ ತಮ್ಮ ಬೆಂಜಮಿನ್ ವಿಲಿಯಮ್ಸ್ ಲೀಡರ್ ಆ ಕಾಲದ ಹೆಸರಾಂತ ಚಿತ್ರಕಾರ.) ಇವನ ತೀರ್ಮಾನ ಸರಳ. ರಸ್ತೆ ಸೇತುವೆಯನ್ನು ಬಾಗಿಲಿನ ಹಾಗೆ ತಿರುಗಿಸುತ್ತಾರಲ್ಲ, ನಾಲೆಯನ್ನೂ ಹಾಗೇ ತಿರುಗಿಸೋಣ.

ಹಡಗಿನ ನಾಲೆಯ ನಟ್ಟನಡುವೆ ಒಂದು ಉದ್ದನೆಯ ದ್ವೀಪ ಕಟ್ಟಿದರು. ಅದರ ಮೇಲೆ ಉಕ್ಕಿನ ಚೌಕಟ್ಟು, ಅದರೊಳಗೆ ಉಕ್ಕಿನ ತೊಟ್ಟಿ. ಡರ್ಬಿಯ ಆಂಡ್ರ್ಯೂ ಹ್ಯಾಂಡಿಸೈಡ್ ಕಂಪನಿಯ ಕೆಲಸ. ತೊಟ್ಟಿಯ ಉದ್ದ ಸುಮಾರು 235 ಅಡಿ, ಅಗಲ 18 ಅಡಿ, ಆಳ ಏಳಡಿಯ ಹತ್ತಿರ. ಎಲ್ಲ ಸೇರಿ ತೂಕ 1,450 ಟನ್, ಅದರಲ್ಲಿ ನೀರೇ 800 ಟನ್. ನನಗೆ ನಂಬಿಕೆ ಬರದೆ ಲೆಕ್ಕ ಹಾಕಿದೆ: 235 ಗುಣಿಸು 18 ಗುಣಿಸು 7 ಅಂದರೆ 29,600ರಷ್ಟು ಘನ ಅಡಿ, ಘನ ಅಡಿಗೆ 28 ಕೆಜಿಯಂತೆ 800 ಟನ್ನಿನ ಆಸುಪಾಸೇ ಬರುತ್ತದೆ. ಸರಿ ಇದೆ.

ಇಷ್ಟು ಭಾರ ಕೂತಿರುವುದು ಅರವತ್ತಕ್ಕೂ ಹೆಚ್ಚು ಕಬ್ಬಿಣದ ಉರುಳೆಗಳ ಒಂದು ವೃತ್ತದ ಮೇಲೆ. ತಿರುಗಿಸುವುದು ಹೈಡ್ರಾಲಿಕ್ ಒತ್ತಡ. ಮೊದಲು ಉಗಿ ಯಂತ್ರಗಳಿಂದ ಆ ಒತ್ತಡ ಬರುತ್ತಿತ್ತು, ಆಮೇಲೆ ವಿದ್ಯುತ್ತು ಬಂತು.

ಈಗ ನನ್ನನ್ನು ಒಂದು ರಾತ್ರಿ ನಿದ್ದೆಗೆಡಿಸಿದ ವಿಷಯ. ತೊಟ್ಟಿಯ ಒಂದು ತುದಿಯಲ್ಲಿ ಇಪ್ಪತ್ತು ಮೂವತ್ತು ಟನ್ನಿನ ದೋಣಿ ಇದ್ದರೆ ತಕ್ಕಡಿಯ ಹಾಗೆ ಆ ಕಡೆ ವಾಲುವುದಿಲ್ಲವೇ? ವಾಲುವುದಿಲ್ಲ! ತೇಲುವ ದೋಣಿ ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ತಳ್ಳುತ್ತದೆ, ಆ ನೀರು ತೊಟ್ಟಿಯಿಂದ ಆಚೆ ನಾಲೆಗೆ ಹೋಗುತ್ತದೆ. ದೋಣಿ ಇದ್ದರೂ ಅಷ್ಟೇ ತೂಕ, ಇಲ್ಲದಿದ್ದರೂ ಅಷ್ಟೇ ತೂಕ. ನೀರಿನ ಮಟ್ಟ ಎಲ್ಲ ಕಡೆ ಒಂದೇ ಆದ್ದರಿಂದ ದೋಣಿ ಎಲ್ಲಿ ನಿಂತರೂ ಸಮತೋಲ ತಪ್ಪುವುದಿಲ್ಲ. ಹೈಸ್ಕೂಲಿನಲ್ಲಿ ಎರಡು ಮಾರ್ಕಿಗೆ ಬಾಯಿಪಾಠ ಮಾಡಿದ ಆರ್ಕಿಮಿಡೀಸ್ ಇಲ್ಲಿ ಬಂದು ಕೂತಿದ್ದಾನೆ. ಅಂದಮೇಲೆ ತಿರುಗಿಸುವ ಮುಂಚೆ ನೀರು ಖಾಲಿ ಮಾಡುವ ಅಗತ್ಯವೇ ಇಲ್ಲ.

ಇನ್ನು ತಾತನ ಪ್ರಶ್ನೆ, ಸೋರುವುದು. ತೊಟ್ಟಿಯ ಎರಡು ತುದಿಗೂ ಬಾಗಿಲು, ಎದುರಿಗೆ ದಡದ ನಾಲೆಯ ಎರಡು ತುದಿಗೂ ಬಾಗಿಲು. ಒಟ್ಟು ನಾಲ್ಕು. ಬಾಗಿಲು ಮುಚ್ಚಿ, ನಡುವಿನ ಸಂದಿಯ ನೀರು ತೆಗೆದು, ಆಮೇಲೆ ತಿರುಗಿಸುವುದು. ಯಾವುದು ಮೊದಲು ಯಾವುದು ಆಮೇಲೆ ಅನ್ನುವುದರಲ್ಲಿ ಒಂದು ಹೆಜ್ಜೆ ತಪ್ಪಿದರೆ ಇಡೀ ನಾಲೆಯ ನೀರು ಹಡಗಿನ ನಾಲೆಗೆ ಬೀಳುತ್ತದೆ. ಡೇಟಾಬೇಸಿನಲ್ಲಿ ಕೆಲಸ ಮಾಡುವವರಿಗೆ ಲಾಕ್ ಹಾಕದೆ ಟೇಬಲ್ಲಿಗೆ ಕೈ ಹಾಕಿದರೆ ಏನಾಗುತ್ತದೆ ಅಂತ ಗೊತ್ತು, ಇದೂ ಅದೇ. ಕಷ್ಟವಿದ್ದದ್ದು ಮತ್ತೆ ಜೋಡಿಸುವಾಗ. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಸಂದಿ ಒಂದು ದಿನ ಇದ್ದಷ್ಟು ಇನ್ನೊಂದು ದಿನ ಇರುವುದಿಲ್ಲ. ಅದಕ್ಕೆ ವಿಲಿಯಮ್ಸ್ ಮಾಡಿದ್ದು ರಬ್ಬರ್ ಹೊದಿಸಿದ ಭಾರಿ ಕಬ್ಬಿಣದ ಬೆಣೆಗಳು. ಕೆಳಗೆ ಸಣ್ಣ, ಮೇಲೆ ದಪ್ಪ. ಸಂದಿ ಎಷ್ಟೇ ಇರಲಿ, ಬಿಗಿಯಾಗುವವರೆಗೆ ಬೆಣೆ ಇಳಿಯುತ್ತದೆ. ಕೊಡಲಿಯ ಕಾವಿಗೆ ಹೊಡೆಯುವ ಬೆಣೆಯೇ, ಬೇರೆ ಏನಲ್ಲ. ಆದರೂ ಈ ಸಂದಿಗಳು ಮುಂದೆ ತೊಂದರೆ ಕೊಡುತ್ತಲೇ ಇದ್ದವು. 1,450 ಟನ್ ತಿರುಗಿಸಿದ್ದು ಸಲೀಸು, ಅಂಗೈ ಅಗಲದ ಸಂದಿ ಮುಚ್ಚಿದ್ದು ಕಷ್ಟ. ತಾತ ಮೊದಲೇ ಹೇಳಿದ್ದರು.

1894ರ ಜನವರಿ 1ರಂದು ಹಡಗಿನ ನಾಲೆ ತೆರೆಯಿತು, ಮೇ 21ಕ್ಕೆ ವಿಕ್ಟೋರಿಯಾ ರಾಣಿ ಬಂದು ವಿಧ್ಯುಕ್ತವಾಗಿ ಉದ್ಘಾಟಿಸಿದಳು. ಹೊಸದು ಕೆಲಸಕ್ಕೆ ಬಂದದ್ದೇ ಬ್ರಿಂಡ್ಲಿಯ ಕಮಾನುಗಳನ್ನು ಕೆಡವಿದರು. ಉತ್ತರ ದಡದಲ್ಲಿ ಸ್ವಲ್ಪ ಕಲ್ಲು ಉಳಿದಿದೆ, ಅಷ್ಟೇ. ಆ ಕಲ್ಲಿನ ಮೇಲೆ ಕೈಯಿಟ್ಟು ನಿಂತಾಗ ನನಗೆ ಯಾಕೋ ಬೇಜಾರಾಯಿತು. ಕೆಡವದೆ ದಾರಿಯಿರಲಿಲ್ಲ, ಒಪ್ಪುತ್ತೇನೆ. ಆದರೆ ಯಾರ ಹಡಗುಗಳಿಗಾಗಿ ಕೆಡವಿದರೋ ಆ ಹಡಗುಗಳು ನೂರು ವರ್ಷವೂ ಬರಲಿಲ್ಲ. ಕಂಟೇನರ್ ಹಡಗುಗಳು ದೊಡ್ಡದಾಗುತ್ತಾ ಹೋದವು, ನಾಲೆ ಹಾಗೇ ಉಳಿಯಿತು. 1982ರಲ್ಲಿ ಮ್ಯಾಂಚೆಸ್ಟರ್ ಡಾಕುಗಳು ಮುಚ್ಚಿದವು. ಅಲ್ಲಿ ಈಗ ಸ್ಯಾಲ್‌ಫರ್ಡ್ ಕೀಸ್ ಅಂತ ಆಫೀಸುಗಳು, ಅಪಾರ್ಟ್‌ಮೆಂಟುಗಳು. ಮೇಲ್ಭಾಗದಲ್ಲಿ ಹಡಗುಗಳ ಓಡಾಟ ಅಪರೂಪ. ಇನ್ನು ಮೇಲಿನ ನಾಲೆಯಲ್ಲಿ ಕಲ್ಲಿದ್ದಲಿಲ್ಲ, ರಜೆಗೆ ಬಂದವರ ಬಣ್ಣದ ದೋಣಿಗಳಿವೆ.

ಎರಡು ಸಲ ಹೋದಾಗ ಸೇತುವೆ ಅಲ್ಲಾಡಲೇ ಇಲ್ಲ. ಮೂರನೇ ಸಲ ಅದೃಷ್ಟವಿತ್ತು. ಪಕ್ಕದಲ್ಲೇ ರಸ್ತೆಯ ತಿರುಗು ಸೇತುವೆಯೂ ಇದೆ, ಅದೂ ಅದೇ ದ್ವೀಪದ ಮೇಲೆ. ಎರಡರ ನಡುವೆ ಇಟ್ಟಿಗೆಯ ಗೋಪುರ, ಅಲ್ಲಿಂದಲೇ ಎರಡನ್ನೂ ನಡೆಸುವುದು. ಕೆಂಪು ದೀಪ ಹತ್ತಿತು, ಗೇಟು ಬಿತ್ತು, ಕಾರುಗಳು ನಿಂತವು. ಹಡಗಿನ ಸುಳಿವೇ ಇಲ್ಲ. ಮೊದಲು ರಸ್ತೆ ಹೊರಟಿತು. ಆಮೇಲೆ ನಾಲೆ. ಸದ್ದು ಗದ್ದಲ ಏನಿಲ್ಲ, ಊರ ತೇರು ಎಳೆದಾಗ ಮೊದಲ ಚಕ್ರ ಅಲ್ಲಾಡುತ್ತದಲ್ಲ, ಅಷ್ಟು ನಿಧಾನ. ತುದಿಯ ಬಾಗಿಲಿನಿಂದ ಒಂದಷ್ಟು ನೀರು ತೊಟ್ಟಿಕ್ಕುತ್ತಿತ್ತು. ಎರಡೂ ದ್ವೀಪದ ಉದ್ದಕ್ಕೆ ಒಂದರ ಹಿಂದೆ ಒಂದು ನಿಂತವು. ಸುಮಾರು ಹೊತ್ತಿನ ಮೇಲೆ ಒಂದು ಸಾಧಾರಣ ಹಡಗು ಬಂತು, ಹೋಯಿತು. ನಾನು ಒಬ್ಬನೇ ನಿಂತು ನೋಡುತ್ತಿದ್ದೆ. ಮೇಲಿನ ನಾಲೆಯಲ್ಲಿ ಕಾಯುತ್ತಿದ್ದ ದೋಣಿಯಾತ ಟೀ ಕುಡಿಯುತ್ತಾ ಪೇಪರ್ ಓದುತ್ತಿದ್ದ.

ಆ ಭಾನುವಾರ ಫೋನ್ ಮಾಡಿ ಎಲ್ಲ ಹೇಳಿದೆ. 2025ರ ಜನವರಿ 1ರಂದು ಇದೇ ಬ್ರಿಡ್ಜ್‌ವಾಟರ್ ನಾಲೆ ಬಾರ್ಟನ್ನಿಂದ ದೂರದಲ್ಲಿ, ಡನ್ಹ್ಯಾಮ್ ಹತ್ತಿರ ಮಳೆಗೆ ಏರಿ ಒಡೆದುಕೊಂಡದ್ದನ್ನೂ, 1971ರಲ್ಲೂ ಆ ಕಡೆಯೇ ಒಡೆದಿದ್ದನ್ನೂ ಹೇಳಿದೆ. ತಾತ, "ಒಡ್ದ ಜಾಗ್ದಾಗೇ ಮತ್ತೆ ಒಡೀತದೆ" ಅಂದರು. ಆಮೇಲೆ ಕೇಳಿದರು.

"ಎರಡೂ ಒಟ್ಗೇ ಬಂದ್ರೆ ಯಾವ್ದುಕ್ಕೆ ಮೊದ್ಲು ದಾರಿ?"

"ಹಡಗಿಗೆ ತಾತ. ಅದನ್ನ ತಕ್ಷಣ ನಿಲ್ಸಕ್ಕಾಗಲ್ಲ."

"ದೋಣಿಯೋನು ಸುಮ್ಕಿರ್ತಾನಾ?"

"ಇರ್ತಾನೆ. ಟೀ ಕುಡ್ಕೊಂಡು ಕೂತಿದ್ದ."

"ತಿರುಗ್ಸೋನು ಎಲ್ಲಿರ್ತಾನೆ?"

"ನಾಲೆ ಮಧ್ಯ ಗೋಪುರ ಐತೆ ತಾತ, ಅದ್ರೊಳಗೆ. ಸೇತುವೆ ತಿರುಗ್ದಾಗ ಸುತ್ತಾ ನೀರು, ಯಾರೂ ಅವನ ಹತ್ರ ಹೋಗಕ್ಕಾಗಲ್ಲ."

"ಅದೊಂದು ಒಳ್ಳೇದು ಮಾಡವ್ರೆ ನೋಡು" ಅಂತ ಹೇಳಿ ಫೋನನ್ನು ಅಜ್ಜಿಗೆ ಕೊಟ್ಟರು.